ಬೆನ್ನುಹುರಿಯ ಪೆಟ್ಟು: ಮೊದಲ ೨೪ ಗಂಟೆಗಳು

ಮುರಿದ ಕೈಮೂಳೆ ಕೂಡುತ್ತದೆ, ಹರಿದ ಚರ್ಮ ಮಾಯುತ್ತದೆ. ಶರೀರದ ಈ ಶಕ್ತಿ ಬೆನ್ನುಹುರಿಯ ಮುಂದೆ ಮಾತ್ರ ಬಹುಮಟ್ಟಿಗೆ ಸೋತು ನಿಲ್ಲುತ್ತದೆ. ಅಲ್ಲಿ ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ; ಕಡಿದ ತಂತು ತಾನಾಗಿ ಬೆಸೆದುಕೊಳ್ಳುವುದಿಲ್ಲ. ಆದುದರಿಂದಲೇ ಮರದಿಂದ ಬಿದ್ದವನ, ಮೋಟಾರ್ ಸೈಕಲ್ಲಿನಿಂದ ಎಸೆಯಲ್ಪಟ್ಟವನ ಮನೆಯವರು “ಎದ್ದು ನಡೆಯುತ್ತಾನೆಯೆ, ಡಾಕ್ಟರೆ?” ಎಂದು ಕೇಳಿದಾಗ ಉತ್ತರ ಹೇಳುವುದು ವೈದ್ಯರಿಗೆ ಎಂದೂ ಸುಲಭವಾಗಿರಲಿಲ್ಲ. ಈಗಲೂ ಸುಲಭವಲ್ಲ. ಆದರೆ ಆ ಉತ್ತರವನ್ನು ತುಸುವಾದರೂ ಬದಲಾಯಿಸಬಲ್ಲ ಸಂಗತಿಯೊಂದು ಕಳೆದ ಕೆಲವು ದಶಕಗಳಲ್ಲಿ ಸ್ಪಷ್ಟವಾಗಿದೆ. ಅದು ಹೊತ್ತು. ಪೆಟ್ಟು ಬಿದ್ದ ಎಷ್ಟು ಗಂಟೆಗಳೊಳಗೆ ಶಸ್ತ್ರಕ್ರಿಯೆ ನಡೆಯಿತು ಎಂಬ ಲೆಕ್ಕ. ಈ ಲೆಕ್ಕ ಶಸ್ತ್ರವೈದ್ಯನಿಗೆ ಸೇರಿದ್ದೆಂದು ನಾವು ಸುಮ್ಮನಿರುವಂತಿಲ್ಲ. ಅದರ ದೊಡ್ಡ ಪಾಲು ನಮ್ಮ ನಿಮ್ಮಂಥವರ ಕೈಯಲ್ಲಿದೆ. ಅದು ಹೇಗೆಂಬುದನ್ನು ವಿಚಾರಿಸೋಣ.

ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ. ಬೆನ್ನುಮೂಳೆ ಎಂಬುದು ಒಂದರ ಮೇಲೊಂದು ಪೇರಿಸಿದ ಮಣಿಗಳ ಸಾಲು: ಕತ್ತಿನಲ್ಲಿ ೭, ಎದೆಯ ಹಿಂಬದಿಯಲ್ಲಿ ೧೨, ಸೊಂಟದಲ್ಲಿ ೫, ಅದರ ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ಮಣಿಗಳು. ಪ್ರತಿಯೊಂದು ಮಣಿಯಲ್ಲಿಯೂ ಒಂದು ರಂಧ್ರವುಂಟು. ಮಣಿಗಳು ಸಾಲಾಗಿ ನಿಂತಾಗ ಈ ರಂಧ್ರಗಳೆಲ್ಲ ಕೂಡಿ ಒಂದು ಮೂಳೆಯ ಕೊಳವೆಯಾಗುತ್ತದೆ. ಅದರೊಳಗೆ ಮಿದುಳಿನ ಬುಡದಿಂದ ಸೊಂಟದ ಮೇಲ್ತುದಿಯವರೆಗೆ, ಕಿರುಬೆರಳ ಗಾತ್ರದ, ಸುಮಾರು ೪೫ ಸೆಂಟಿಮೀಟರು ಉದ್ದದ ಮೃದುವಾದ ಹುರಿ ಇಳಿದಿದೆ. ಅದರ ಎಡಬಲಕ್ಕೆ ೩೧ ಜೊತೆ ನರಗಳು ಕವಲೊಡೆದು ಮೈಯೆಲ್ಲ ಹರಡುತ್ತವೆ. “ಕೈ ಎತ್ತು” ಎಂಬ ಮಿದುಳಿನ ಆಜ್ಞೆ ಇಳಿಯುವುದೂ, “ಕಾಲಿಗೆ ಮುಳ್ಳು ಚುಚ್ಚಿತು” ಎಂಬ ಸುದ್ದಿ ಏರುವುದೂ ಈ ಹುರಿಯ ಮೂಲಕವೇ. ಮೂತ್ರ ಮಲಗಳ ಹತೋಟಿ, ರಕ್ತದ ಒತ್ತಡ, ಬೆವರು, ಇವುಗಳ ತಂತಿಗಳೂ ಇಲ್ಲಿಯೇ ಹಾದುಹೋಗುತ್ತವೆ. ಎದೆಯ ಮಟ್ಟದಲ್ಲಿ ಹುರಿ ಕೆಟ್ಟರೆ ಕಾಲುಗಳು ಹೋಗುತ್ತವೆ. ಕತ್ತಿನಲ್ಲಿ ಕೆಟ್ಟರೆ ಕೈಗಳೂ ಹೋಗುತ್ತವೆ. ಕತ್ತಿನ ಮೇಲ್ಭಾಗದಲ್ಲಾದರೆ ಉಸಿರೇ ನಿಲ್ಲಬಹುದು.

ಪೆಟ್ಟು ಬಿದ್ದಾಗ ಹುರಿ ಕತ್ತರಿಸಿದ ಹಗ್ಗದಂತೆ ಎರಡು ತುಂಡಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಾಗುವುದು ಅಪರೂಪ. ಸಾಮಾನ್ಯವಾಗಿ ಆಗುವುದೆಂದರೆ ಮಣಿ ಒಡೆದೋ ಜಾರಿಯೋ ಹುರಿಯನ್ನು ಜಜ್ಜುತ್ತದೆ. ಜಜ್ಜಿದ ಮೇಲೆ ಅಲ್ಲಿಯೇ ಒತ್ತಿಕೊಂಡು ಕೂರುತ್ತದೆ. ಜಜ್ಜಿದ ಕ್ಷಣದಲ್ಲಿ ಆದ ಹಾನಿ ಆಗಿಹೋಯಿತು. ಅದನ್ನು ಯಾರೂ ಹಿಂದಕ್ಕೆ ತರಲಾರರು. ಆದರೆ ಹಾನಿ ಅಲ್ಲಿಗೆ ಮುಗಿಯುವುದಿಲ್ಲ. ಬೆರಳಿಗೆ ದಾರವನ್ನು ಬಿಗಿದು ಕಟ್ಟಿ ನೋಡಿ: ತುದಿ ಊದುತ್ತದೆ, ನೀಲಿಗಟ್ಟುತ್ತದೆ, ಜೋಮು ಹಿಡಿಯುತ್ತದೆ. ಬೇಗ ಬಿಚ್ಚಿದರೆ ಬೆರಳು ಉಳಿಯಿತು, ಮರೆತುಬಿಟ್ಟರೆ ಕೊಳೆತುಹೋಯಿತು. ಹುರಿಯ ಗತಿಯೂ ಹೀಗೆಯೇ. ಒತ್ತಿದ ಕಡೆ ಸಣ್ಣ ರಕ್ತನಾಳಗಳು ಒಡೆಯುತ್ತವೆ, ಹುರಿ ಊದಿಕೊಳ್ಳುತ್ತದೆ, ಮೂಳೆಯ ಕೊಳವೆಯಲ್ಲಿ ಊತಕ್ಕೆ ಎಡೆಯಿಲ್ಲದೆ ಒತ್ತಡ ಮತ್ತೂ ಏರುತ್ತದೆ, ರಕ್ತ ತಲುಪದೆ ಪಕ್ಕದ ಆರೋಗ್ಯವಂತ ಕೋಶಗಳೂ ಸಾಯತೊಡಗುತ್ತವೆ. ಸಾಯುವ ಕೋಶಗಳಿಂದ ಹೊರಬಿದ್ದ ರಸಾಯನಗಳು ನೆರೆಯ ಕೋಶಗಳಿಗೆ ವಿಷವಾಗುತ್ತವೆ. ಇದನ್ನು ವೈದ್ಯರು ಎರಡನೆಯ ಹಾನಿ ಎನ್ನುತ್ತಾರೆ. ಮೊದಲನೆಯ ಹಾನಿಗೆ ಕ್ಷಣ ಸಾಕು. ಎರಡನೆಯದು ಗಂಟೆಗಳ, ದಿನಗಳ ಕಾಲ ಮುಂದುವರಿಯುತ್ತದೆ. ಹೊತ್ತಿನ ಮಾತು ಬರುವುದು ಇಲ್ಲಿ. ಶಸ್ತ್ರಕ್ರಿಯೆಯಿಂದ ಉಳಿಸಬಹುದಾದದ್ದು ಈ ಎರಡನೆಯ ಹಾನಿಯ ಬಾಯಿಗೆ ಇನ್ನೂ ಬೀಳದ ಭಾಗವನ್ನು ಮಾತ್ರ.

ಈ ತಿಳಿವಳಿಕೆ ಒಂದು ದಿನದಲ್ಲಿ ಬಂದುದಲ್ಲ. ಎಡ್ವಿನ್ ಸ್ಮಿತ್ ಎಂಬಾತ ೧೮೬೨ರಲ್ಲಿ ಈಜಿಪ್ಟಿನಲ್ಲಿ ಕೊಂಡ, ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ವೈದ್ಯಗ್ರಂಥವೊಂದು ಇದೆ. ಕತ್ತಿನ ಮಣಿ ಜಾರಿ ಕೈಕಾಲುಗಳ ಸ್ವಾಧೀನ ತಪ್ಪಿದವನ ಲಕ್ಷಣಗಳನ್ನು ಅದು ಸರಿಯಾಗಿ ವರ್ಣಿಸಿ, ಇದು ಚಿಕಿತ್ಸೆಗೆ ಒಳಪಡದ ಬೇನೆಯೆಂದು ಕೈಬಿಡುತ್ತದೆ. ೧೮೧೪ರಲ್ಲಿ ಲಂಡನ್ನಿನ ಹೆನ್ರಿ ಕ್ಲೈನ್ ಒಬ್ಬ ರೋಗಿಯ ಮುರಿದ ಬೆನ್ನುಮೂಳೆಯನ್ನು ತೆರೆದು ಒತ್ತಡ ಬಿಡಿಸಲು ಯತ್ನಿಸಿದ, ರೋಗಿ ಉಳಿಯಲಿಲ್ಲ. ಇಂಥ ಶಸ್ತ್ರಕ್ರಿಯೆ ಮಾಡಬೇಕೆಂದು ಆಸ್ಟ್ಲಿ ಕೂಪರ್, ಕೂಡದೆಂದು ಚಾರ್ಲ್ಸ್ ಬೆಲ್, ಆ ಕಾಲದ ಇಬ್ಬರು ಹೆಸರಾಂತ ಶಸ್ತ್ರವೈದ್ಯರು ವಾದಕ್ಕೆ ಬಿದ್ದರು. ಆ ವಾದ ರೂಪ ಬದಲಿಸುತ್ತ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

ಕೂಡದೆಂದವರ ಪಕ್ಷದಲ್ಲಿ ನ್ಯಾಯವಿತ್ತು ಎಂಬುದನ್ನು ಮರೆಯಬಾರದು. ಅವರಲ್ಲಿ ಪ್ರಮುಖರಾದ ಲುಡ್ವಿಗ್ ಗುಟ್‌ಮನ್ ಜರ್ಮನಿಯಿಂದ ೧೯೩೯ರಲ್ಲಿ ಇಂಗ್ಲೆಂಡಿಗೆ ಆಶ್ರಯ ಬೇಡಿ ಬಂದ ಯೆಹೂದಿ ವೈದ್ಯರು. ಯುದ್ಧದಲ್ಲಿ ಬೆನ್ನುಹುರಿ ಕೆಟ್ಟ ಸೈನಿಕರಿಗಾಗಿ ೧೯೪೪ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಅವರು ಒಂದು ವಿಭಾಗ ತೆರೆದರು. ಅದುವರೆಗೆ ಇಂಥವರು ಪ್ರಾಯಶಃ ಸಾಯುತ್ತಿದ್ದುದು ಹುರಿಯ ಗಾಯದಿಂದಲ್ಲ. ಮಲಗಿದಲ್ಲೇ ಆಗುವ ಹಾಸಿಗೆ ಹುಣ್ಣಿನಿಂದ, ಮೂತ್ರದ ಸೋಂಕಿನಿಂದ. ಗುಟ್‌ಮನ್ ಹಗಲಿರುಳು ಎರಡೆರಡು ಗಂಟೆಗೊಮ್ಮೆ ರೋಗಿಯನ್ನು ಹೊರಳಿಸಿ ಮಲಗಿಸುವ ನಿಯಮ ತಂದರು. ದಿಂಬುಗಳ ಆಸರೆಯಿಂದಲೇ ಮೂಳೆಯನ್ನು ನೆಟ್ಟಗಾಗಿಸಿದರು. ರೋಗಿಗಳಿಗೆ ಆಟ ಕಲಿಸಿದರು. ೧೯೪೮ರಲ್ಲಿ ಆ ಆಸ್ಪತ್ರೆಯ ಅಂಗಳದಲ್ಲಿ ಹುಟ್ಟಿದ ಆಟವೇ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು. ಅವಸರದ ಶಸ್ತ್ರಕ್ರಿಯೆಯನ್ನು ಅವರು ವಿರೋಧಿಸಿದ್ದಕ್ಕೆ ಕಾರಣವಿತ್ತು. ಆಗಿನ ಶಸ್ತ್ರವೈದ್ಯರಿಗೆ ಮಣಿಯ ಹಿಂಬದಿಯ ಕಮಾನನ್ನು ತೆಗೆಯಲು ಬರುತ್ತಿತ್ತು, ಸಡಿಲವಾದ ಬೆನ್ನನ್ನು ಬಿಗಿಯಾಗಿ ನಿಲ್ಲಿಸುವ ಸಾಧನ ಸಾಲದಾಗಿತ್ತು. ಒತ್ತಡ ಬಿಡಿಸಲು ಹೋಗಿ ಬೆನ್ನು ಮತ್ತಷ್ಟು ಅಲುಗಾಡಿ ಹುರಿ ಹೆಚ್ಚು ಕೆಡುತ್ತಿದ್ದುದೂ ಉಂಟು.

ಅತ್ತ ಪ್ರಯೋಗಶಾಲೆಗಳು ಬೇರೊಂದು ಮಾತು ಹೇಳುತ್ತಿದ್ದವು. ಅಮೆರಿಕದ ಆಲ್ಫ್ರೆಡ್ ಆಲನ್ ೧೯೧೧ರಲ್ಲಿ ನಾಯಿಗಳ ಹುರಿಯ ಮೇಲೆ ತಿಳಿದ ಎತ್ತರದಿಂದ ತಿಳಿದ ತೂಕ ಬೀಳಿಸಿ, ಪೆಟ್ಟಿನ ಅನಂತರವೂ ಹುರಿ ಒಳಗೊಳಗೇ ಕೆಡುತ್ತ ಹೋಗುವುದನ್ನು ಗುರುತಿಸಿದ. ೧೯೫೩–೫೪ರಲ್ಲಿ ಟಾರ್ಲೋವ್ ಮತ್ತು ಸಂಗಡಿಗರು ನಾಯಿಗಳ ಬೆನ್ನುಮೂಳೆಯ ಕೊಳವೆಯೊಳಗೆ ಪುಟ್ಟ ಬಲೂನನ್ನು ಊದಿ, ಬೇರೆ ಬೇರೆ ಹೊತ್ತಿನ ಮೇಲೆ ಅದನ್ನು ಇಳಿಸಿದರು. ಒತ್ತಡ ಎಷ್ಟೆಂಬುದರ ಜೊತೆಗೆ, ಅದು ಎಷ್ಟು ಹೊತ್ತು ಇತ್ತೆಂಬುದೂ ಚೇತರಿಕೆಯನ್ನು ನಿರ್ಣಯಿಸಿತು. ೧೯೮೦ರಲ್ಲಿ ಟೊರಾಂಟೋದ ಚಾರ್ಲ್ಸ್ ಟೇಟರ್ ತಂಡ ಇಲಿಗಳಲ್ಲಿ ಕಂಡದ್ದೂ ಅದನ್ನೇ. ಈ ನಡುವೆ ಶಸ್ತ್ರವೈದ್ಯನ ಸಲಕರಣೆಗಳೂ ಬೆಳೆದವು. ಮಣಿಗಳಿಗೆ ತಿರುಪು ಹಾಕಿ ಲೋಹದ ಸರಳಿನಿಂದ ಬಿಗಿಯುವ ವಿಧಾನ ಬಂದಿತು. ಮೂಳೆಯನ್ನು ತೋರಿಸುವ ಸಿ.ಟಿ., ಹುರಿಯನ್ನೇ ತೋರಿಸುವ ಎಂ.ಆರ್.ಐ. ಬಂದವು. ಗುಟ್‌ಮನ್‌ರ ಆಕ್ಷೇಪಣೆಗೆ ಹೀಗೆ ಒಂದು ಉತ್ತರ ಸಿಕ್ಕಿತು.

ಆದರೆ ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಕಾಣಬೇಕಲ್ಲ? ೧೯೯೭ರಲ್ಲಿ ಫಿಲಡೆಲ್ಫಿಯದ ಅಲೆಕ್ಸಾಂಡರ್ ವಕಾರೋ ಮತ್ತು ಸಂಗಡಿಗರು ಕತ್ತಿನ ಹುರಿಗೆ ಪೆಟ್ಟಾದ ೬೨ ಮಂದಿಯ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ೭೨ ಗಂಟೆಗಳೊಳಗೆ, ಉಳಿದವರಿಗೆ ೫ ದಿನಗಳ ಅನಂತರ ಶಸ್ತ್ರಕ್ರಿಯೆ ನಡೆದಿತ್ತು. ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಬೇಗ ಮಾಡಿ ಪ್ರಯೋಜನವಿಲ್ಲವೆಂದು ಹಲವರು ನಿರ್ಧರಿಸಿದರು. ಇನ್ನು ಕೆಲವರು ಬೇರೆ ಪ್ರಶ್ನೆ ಹಾಕಿದರು: ೭೨ ಗಂಟೆ ಎಂಬುದೇ ತಡವಲ್ಲವೆ? ದಾರ ಬಿಗಿದ ಬೆರಳನ್ನು ಮೂರನೆಯ ದಿನ ಬಿಚ್ಚಿದರೇನು, ಆರನೆಯ ದಿನ ಬಿಚ್ಚಿದರೇನು?

ಆಗ ಗೆರೆಯನ್ನು ೨೪ ಗಂಟೆಗೆ ಎಳೆದು ಹೊಸ ವ್ಯಾಸಂಗ ನಡೆಯಿತು. ಟೊರಾಂಟೋದ ಮೈಕೆಲ್ ಫೆಹ್ಲಿಂಗ್ಸ್ ಮುಂದಾಳಾದರು; ಹಿಂದೆ ವ್ಯತ್ಯಾಸ ಕಾಣದೆ ಹೋಗಿದ್ದ ವಕಾರೋ ಅವರೂ ಜೊತೆಗೂಡಿದರು. ಉತ್ತರ ಅಮೆರಿಕದ ಆರು ಕೇಂದ್ರಗಳಲ್ಲಿ ಕತ್ತಿನ ಹುರಿಗೆ ಪೆಟ್ಟಾದ ೩೧೩ ಮಂದಿ ಇದಕ್ಕೆ ಸೇರಿದರು. ಫಲಿತಾಂಶ ಹೊರಬಂದದ್ದು ೨೦೧೨ರಲ್ಲಿ. ಅದನ್ನು ಅರ್ಥಮಾಡಿಕೊಳ್ಳಲು ಒಂದು ಅಳತೆಗೋಲನ್ನು ತಿಳಿದಿರಬೇಕು. ಹುರಿಯ ಪೆಟ್ಟನ್ನು ವೈದ್ಯರು ಐದು ಮೆಟ್ಟಿಲಾಗಿ ವಿಂಗಡಿಸುತ್ತಾರೆ. ಕೆಳಗಿನ ಮೆಟ್ಟಿಲಲ್ಲಿ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಮೇಲಿನದರಲ್ಲಿ ಎಲ್ಲವೂ ಸರಿಯಾಗಿದೆ. ಆರು ತಿಂಗಳ ಬಳಿಕ ನೋಡಿದಾಗ ಎರಡು ಮೆಟ್ಟಿಲಾದರೂ ಮೇಲೇರಿದವರು, ೨೪ ಗಂಟೆಯೊಳಗೆ ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ ೧೯.೮, ತಡವಾದವರಲ್ಲಿ ನೂರಕ್ಕೆ ೮.೮. ಬೇಗ ಮಾಡಿದವರಲ್ಲಿ ತೊಡಕುಗಳು ಹೆಚ್ಚಲಿಲ್ಲ.

ಈ ಅಂಕಿಗಳಿಗೆ ಒಂದು ಮಿತಿ ಉಂಟು. ಯಾರಿಗೆ ಬೇಗ, ಯಾರಿಗೆ ತಡ ಎಂಬುದನ್ನು ಇಲ್ಲಿ ಚೀಟಿಯೆತ್ತಿ ನಿರ್ಧರಿಸಿರಲಿಲ್ಲ. ಬೇಗ ಮಾಡುವುದೇ ಒಳಿತೆಂದು ನಂಬಿದ ವೈದ್ಯನು ಪರೀಕ್ಷೆಗಾಗಿ ರೋಗಿಯನ್ನು ಕಾಯಿಸುವುದು ಧರ್ಮವಲ್ಲವಷ್ಟೆ. ಆದುದರಿಂದ ಪಂಡಿತರು ಮತ್ತೊಂದು ದಾರಿ ಹಿಡಿದರು. ಹಲವು ವ್ಯಾಸಂಗಗಳ ೧೫೪೮ ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ೨೦೨೧ರಲ್ಲಿ ಲೆಕ್ಕಹಾಕಿದರು. ಕೈಕಾಲುಗಳ ಬಲಕ್ಕೆ ಒಟ್ಟು ೧೦೦ ಅಂಕ. ಒಂದು ವರ್ಷದ ಬಳಿಕ ಬೇಗ ಶಸ್ತ್ರಕ್ರಿಯೆಯಾದವರು ತಡವಾದವರಿಗಿಂತ ಸರಾಸರಿ ೪ ಅಂಕ ಹೆಚ್ಚು ಗಳಿಸಿದ್ದರು. ಕಾಯುವುದರ ನಷ್ಟ ಮೊದಲ ೨೪ರಿಂದ ೩೬ ಗಂಟೆಗಳಲ್ಲಿ ಕಡಿದಾಗಿ ಏರಿ, ಆಮೇಲೆ ಸಮತಟ್ಟಾಗುತ್ತಿತ್ತು.

ನಾಲ್ಕು ಅಂಕವೆಂದರೆ ಎಷ್ಟರದು ಎಂದು ನೀವು ಕೇಳಬಹುದು. ಕತ್ತಿನ ಹುರಿ ಕೆಟ್ಟವನಿಗೆ ಮಣಿಕಟ್ಟನ್ನು ಎತ್ತುವ ಬಲ ಬಂದರೆ ತನ್ನ ತುತ್ತನ್ನು ತಾನೇ ಬಾಯಿಗಿಡುವ ದಾರಿಯಾಗುತ್ತದೆ. ಮೊಣಕೈಯನ್ನು ನೀಡುವ ಬಲ ಬಂದರೆ ಹಾಸಿಗೆಯಿಂದ ಗಾಲಿಕುರ್ಚಿಗೆ ತಾನೇ ಜರುಗಬಹುದು. ಇದು ಎಲ್ಲರಿಗೂ ದೊರೆಯುವ ಫಲವಲ್ಲ, ಸರಾಸರಿಯ ಮಾತು. ಆದರೆ ಒಂದು ಮನೆಯಲ್ಲಿ ಮಗ ತಾಯಿಯ ಕೈತುತ್ತಿಗೆ ಕಾಯುವುದಕ್ಕೂ ತಾನೇ ಉಣ್ಣುವುದಕ್ಕೂ ಇರುವ ಅಂತರ ಎಂಥದೆಂದು ಯಾರಿಗೂ ಹೇಳಬೇಕಾಗಿಲ್ಲ.

೨೪ಕ್ಕಿಂತಲೂ ಬೇಗ, ಎಂಟು ಹನ್ನೆರಡು ಗಂಟೆಯೊಳಗೆ ಮಾಡಿದರೆ ಇನ್ನೂ ಮೇಲೆ? ಇದು ಇನ್ನೂ ಇತ್ಯರ್ಥವಾಗಿಲ್ಲ. ಯೂರೋಪಿನ ಆಸ್ಪತ್ರೆಗಳಲ್ಲಿ ೧೨ ಗಂಟೆಯ ಗೆರೆ ಎಳೆದು ನಡೆಸಿದ ವ್ಯಾಸಂಗದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ ೨೦೧೭ರಲ್ಲಿ ೨೪ ಗಂಟೆಯೊಳಗಿನ ಶಸ್ತ್ರಕ್ರಿಯೆಯನ್ನು ಎಚ್ಚರಿಕೆಯಿಂದ ಸೂಚಿಸಿತ್ತು; ೨೦೨೪ರ ಪರಿಷ್ಕರಣೆ ಅದನ್ನು ಇನ್ನೂ ಬಲವಾಗಿ ಹೇಳಿತು. ಅದಕ್ಕೂ ಮುಂಚಿನ ಗೆರೆಯೊಂದನ್ನು ಎಳೆಯಲು ಸಾಕ್ಷ್ಯ ಸಾಲದೆಂದಿತು. ಒಂದೇ ಚುಚ್ಚುಮದ್ದಿನಿಂದ ಹುರಿ ಉಳಿಯುತ್ತದೆಂಬ ಆಸೆಯೂ ಒಮ್ಮೆ ಇತ್ತು. ೧೯೯೦ರಲ್ಲಿ ಸ್ಟೀರಾಯ್ಡ್ ಮದ್ದು ಹೆಸರು ಮಾಡಿತು. ೨೦೧೩ರಲ್ಲಿ ಅಮೆರಿಕದ ನರಶಸ್ತ್ರವೈದ್ಯರ ಸಂಘಗಳು ಅದು ಬೇಡವೆಂದವು. ತಜ್ಞರಲ್ಲಿ ಅದರ ಬಗ್ಗೆ ಈಗಲೂ ಒಮ್ಮತವಿಲ್ಲ.

ಶಸ್ತ್ರಕ್ರಿಯೆಯಲ್ಲಿ ಮಾಡುವುದಾದರೂ ಏನು? ಹುರಿಯನ್ನು ಹೊಲಿಯುವುದಿಲ್ಲ, ಅದು ಸಾಧ್ಯವಿಲ್ಲ. ಒತ್ತುತ್ತಿರುವ ಮೂಳೆಯ ಚೂರು, ಜಾರಿದ ಮಣಿ, ಹೊರಬಿದ್ದ ಮೆತ್ತೆ, ಹೆಪ್ಪುಗಟ್ಟಿದ ರಕ್ತ, ಇವನ್ನು ತೆಗೆದು ಹುರಿಗೆ ಎಡೆ ಮಾಡಿಕೊಡುವುದು ಒಂದು ಕೆಲಸ. ಬೆನ್ನುಮೂಳೆ ಮತ್ತೆ ಅಲುಗದಂತೆ ತಿರುಪು ಸರಳುಗಳಿಂದ ಬಿಗಿಯುವುದು ಎರಡನೆಯ ಕೆಲಸ. ಕತ್ತಿನ ಮಣಿ ಜಾರಿದ್ದರೆ, ತಲೆಗೆ ಇಕ್ಕಳ ಹಾಕಿ ತೂಕ ಕಟ್ಟಿ ಎಳೆದು, ಶಸ್ತ್ರಕ್ರಿಯೆಗೆ ಮುಂಚೆಯೇ ಸಾಲಿಗೆ ತರುವುದೂ ಉಂಟು. ಇದೆಲ್ಲಕ್ಕೂ ಮೊದಲು ಉಸಿರಾಟ ಸರಿಯಿರಬೇಕು, ಬೇರೆಡೆಯ ರಕ್ತಸ್ರಾವ ನಿಲ್ಲಬೇಕು, ರಕ್ತದ ಒತ್ತಡ ಕುಸಿಯದಂತೆ ನೋಡಬೇಕು. ಪ್ರಾಣ ಮೊದಲು, ಹುರಿ ಅನಂತರ. ಎದೆಗೂ ಹೊಟ್ಟೆಗೂ ಪೆಟ್ಟಾಗಿದ್ದರೆ ವೈದ್ಯರು ಬೆನ್ನಿನ ಶಸ್ತ್ರಕ್ರಿಯೆಯನ್ನು ತಡೆದು ನಿಲ್ಲಿಸಬಹುದು. ಅದನ್ನು ಅಲಕ್ಷ್ಯವೆಂದು ತಿಳಿಯಬಾರದು.

ಇನ್ನು ನಮ್ಮ ಪಾಲಿನ ವಿಚಾರ. ಈ ೨೪ ಗಂಟೆಗಳ ಎಣಿಕೆ ಆಸ್ಪತ್ರೆಯ ಬಾಗಿಲಿನಿಂದ ಆರಂಭವಾಗುವುದಿಲ್ಲ. ಪೆಟ್ಟು ಬಿದ್ದ ನಿಮಿಷದಿಂದ ಆರಂಭವಾಗುತ್ತದೆ. ಅಡಿಕೆಮರದಿಂದ ಬಿದ್ದವನನ್ನು ಮನೆಗೆ ಹೊತ್ತು ತಂದು, ಬೆನ್ನಿಗೆ ಎಣ್ಣೆ ತಿಕ್ಕಿ, ಬೆಳಗಾಗಲೆಂದು ಕಾದು, ಹತ್ತಿರದ ಆಸ್ಪತ್ರೆಗೆ ಹೋಗಿ, ಅಲ್ಲಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಅಲ್ಲಿಂದ ದೊಡ್ಡ ನಗರಕ್ಕೆ ಸಾಗಿಸುವಷ್ಟರಲ್ಲಿ ಗಡಿಯಾರದ ಮುಳ್ಳು ಎರಡು ಮೂರು ಸುತ್ತು ಬಂದಿರುತ್ತದೆ. ಶಸ್ತ್ರವೈದ್ಯ ಎಷ್ಟೇ ಚುರುಕಾಗಿರಲಿ, ಆ ಹೊತ್ತನ್ನು ಅವನು ಮರಳಿ ಕೊಡಲಾರ.

ಹಾಗೆಂದು ಬಿದ್ದವನನ್ನು ಕೈಕಾಲು ಹಿಡಿದೆತ್ತಿ ಆಟೋರಿಕ್ಷಾದಲ್ಲಿ ಮಡಿಸಿ ಕೂರಿಸಿ ಓಡಿಸಿದರೆ, ಉಳಿದಿದ್ದ ಹುರಿಯೂ ದಾರಿಯಲ್ಲೇ ನಜ್ಜುಗುಜ್ಜಾದೀತು. ಇಲ್ಲಿ ನೆನಪಿಡಬೇಕಾದ ಸೂತ್ರ ಇಷ್ಟೆ: ಮೊದಲ ನಿಮಿಷಗಳಲ್ಲಿ ನಿಧಾನ, ಅನಂತರದ ಗಂಟೆಗಳಲ್ಲಿ ವೇಗ.

ಎತ್ತರದಿಂದ ಬಿದ್ದವರಿಗೆ, ವಾಹನದ ಅಪಘಾತವಾದವರಿಗೆ, ಆಳವಿಲ್ಲದ ನೀರಿಗೆ ತಲೆಕೆಳಗಾಗಿ ಧುಮುಕಿದವರಿಗೆ ಕತ್ತು ಅಥವಾ ಬೆನ್ನು ನೋಯುತ್ತಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ, ಅಲುಗಿಸಲಾಗದಿದ್ದರೆ, ಅಥವಾ ಎಚ್ಚರ ತಪ್ಪಿದ್ದರೆ, ಹುರಿಗೆ ಪೆಟ್ಟಾಗಿದೆ ಎಂದೇ ಎಣಿಸಿ ನಡೆದುಕೊಳ್ಳಿ. ಎಬ್ಬಿಸಿ ಕೂರಿಸಬೇಡಿ, ನಡೆಸಿ ನೋಡಬೇಡಿ, ನೀರು ಕುಡಿಸಬೇಡಿ. ೧೦೮ಕ್ಕೆ ಫೋನು ಮಾಡಿ. ಕರ್ನಾಟಕದಲ್ಲಿ ಈ ಆಂಬುಲೆನ್ಸ್ ಸೇವೆ ೨೦೦೮ರಿಂದ ಇದೆ. ಅದು ಬರುವವರೆಗೆ ಒಬ್ಬರು ತಲೆಯ ಬಳಿ ಕುಳಿತು, ಎರಡು ಕೈಗಳಿಂದ ತಲೆಯನ್ನು ಅಲುಗದಂತೆ ಹಿಡಿದಿರಲಿ. ವಾಂತಿಯಾದರೆ ತಲೆ, ಭುಜ, ಸೊಂಟ ಒಂದೇ ನೇರದಲ್ಲಿರುವಂತೆ ಎಲ್ಲರೂ ಕೂಡಿ ಪಕ್ಕಕ್ಕೆ ಹೊರಳಿಸಿ. ಬೆಂಕಿ, ನೀರು, ವಾಹನಗಳ ಓಡಾಟ ಮೊದಲಾದ ಅಪಾಯದಿಂದ ಸರಿಸಲೇಬೇಕಾದರೆ ನಾಲ್ಕು ಜನ ಸೇರಿ, ತಲೆ ಹಿಡಿದವನ ಮಾತಿನಂತೆ, ಮರದ ದಿಮ್ಮಿಯನ್ನು ಎತ್ತುವ ಹಾಗೆ ಒಮ್ಮೆಗೇ ಎತ್ತಿ, ಅಗಲವಾದ ಹಲಗೆಯ ಮೇಲೆ ಮಲಗಿಸಿ. ಇನ್ನೊಂದು ಸಣ್ಣ ಕೆಲಸ: ಪೆಟ್ಟು ಬಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನೂ, ಆಗ ಕೈಕಾಲು ಆಡುತ್ತಿತ್ತೆ ಎಂಬುದನ್ನೂ ಚೀಟಿಯಲ್ಲಿ ಬರೆದು ಕಳುಹಿಸಿ. ವೈದ್ಯನಿಗೆ ಅದರಷ್ಟು ಉಪಯುಕ್ತವಾದ ಕಾಗದ ಮತ್ತೊಂದಿಲ್ಲ. ಬೀದಿಯಲ್ಲಿ ಬಿದ್ದ ಅಪರಿಚಿತನಿಗೆ ನೆರವಾದರೆ ಪೊಲೀಸು ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯವೂ ಬೇಡ. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ ಅಂಥ ಉಪಕಾರಿಗೆ ರಕ್ಷಣೆ ಕೊಟ್ಟಿದೆ.

ಆಸ್ಪತ್ರೆ ಸೇರಿದೊಡನೆ ವಿನಯದಿಂದ ಮೂರು ಪ್ರಶ್ನೆ ಕೇಳಿ. ಇಲ್ಲಿ ಹುರಿಯನ್ನು ನೋಡುವ ಸ್ಕ್ಯಾನ್ ಇದೆಯೆ? ಬೆನ್ನುಮೂಳೆಯ ಶಸ್ತ್ರಕ್ರಿಯೆ ಮಾಡುವವರಿದ್ದಾರೆಯೆ? ತೀವ್ರನಿಗಾ ಘಟಕ ಇದೆಯೆ? ಇಲ್ಲವಾದರೆ, ಪ್ರಾಣಕ್ಕೆ ಅಪಾಯವಿಲ್ಲವೆಂದು ವೈದ್ಯರು ಹೇಳಿದೊಡನೆ, ಇರುವ ಕಡೆಗೆ ಅಂದೇ ಸಾಗಿಸಲು ಕೇಳಿಕೊಳ್ಳಿ. ಹೊರಡುವ ಮುನ್ನ ಅಲ್ಲಿಗೆ ಫೋನು ಮಾಡಿಸಿ. ಮನೆಯ ಹಿರಿಯರೆಲ್ಲ ಕೂಡಿ ನಿರ್ಧರಿಸಲಿ ಎಂದು ರಾತ್ರಿಯೆಲ್ಲ ಕಾಯುವುದು ನಮ್ಮಲ್ಲಿ ಸಾಮಾನ್ಯ. ಈ ಒಂದು ಪೆಟ್ಟಿನಲ್ಲಿ ಅದು ದುಬಾರಿಯಾಗುತ್ತದೆ.

ಹಿರಿಯರ ಬಗ್ಗೆಯೂ ಒಂದು ಮಾತು. ಬಚ್ಚಲಲ್ಲಿ ಜಾರಿ ಮುಖ ಅಡಿಯಾಗಿ ಬಿದ್ದ ಮುದುಕರಲ್ಲಿ ಕತ್ತು ಹಿಂದಕ್ಕೆ ಬಾಗಿ, ಮೂಳೆ ಮುರಿಯದೆಯೇ ಹುರಿಯ ನಡುಭಾಗ ಕೆಡುವುದುಂಟು. ಕಾಲಿಗಿಂತ ಕೈಗಳೇ ಹೆಚ್ಚು ಸೋಲುವುದು ಇದರ ಗುರುತು. ೧೯೫೪ರಲ್ಲಿ ಇದನ್ನು ವರ್ಣಿಸಿದ ಅಮೆರಿಕದ ರಿಚರ್ಡ್ ಶ್ನೈಡರ್ ಶಸ್ತ್ರಕ್ರಿಯೆ ಬೇಡವೆಂದಿದ್ದರು. ಈಗ ಅಭಿಪ್ರಾಯ ಬದಲಾಗುತ್ತಿದೆ. ಒತ್ತಡವಿದ್ದರೆ ಇವರಿಗೂ ಬೇಗ ಶಸ್ತ್ರಕ್ರಿಯೆ ಮಾಡುವವರು ಹೆಚ್ಚುತ್ತಿದ್ದಾರೆ. “ನಡೆಯುತ್ತಾರಲ್ಲ, ಕೈ ಮಾತ್ರ ಸೋತಿದೆ” ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಇದನ್ನೆಲ್ಲ ಓದುವಾಗ, ಹೊತ್ತು ಮೀರಿ ಆಸ್ಪತ್ರೆ ಸೇರಿದವರ ಬಂಧುಗಳ ಮನಸ್ಸು ನೋಯಬಹುದು. ಅವರಿಗೆ ಹೇಳಬೇಕಾದದ್ದೂ ಇದೆ. ಬೇಗ ಮಾಡಿದ ಶಸ್ತ್ರಕ್ರಿಯೆ ಚೇತರಿಕೆಯ ಸಂಭವವನ್ನು ಹೆಚ್ಚಿಸುತ್ತದೆ, ಭರವಸೆ ಕೊಡುವುದಿಲ್ಲ. ಹುರಿ ಪೂರ್ತಿ ಕೆಟ್ಟಿದ್ದರೆ ಮೊದಲ ಗಂಟೆಯಲ್ಲಿ ಮಾಡಿದರೂ ಕಾಲು ಬಾರದೆ ಹೋಗಬಹುದು. ತಡವಾಗಿ ಮಾಡಿದ್ದೂ ವ್ಯರ್ಥವಲ್ಲ. ಬೆನ್ನು ಗಟ್ಟಿಯಾಗಿ ನಿಂತರೆ ರೋಗಿ ಬೇಗ ಎದ್ದು ಕೂರಬಹುದು, ಹುಣ್ಣು ಸೋಂಕುಗಳು ದೂರವಾಗುತ್ತವೆ. ಆಮೇಲೆ ಬರುವುದು ತಿಂಗಳುಗಟ್ಟಲೆಯ ವ್ಯಾಯಾಮ, ಅಭ್ಯಾಸ. ೧೯೫೪ರಲ್ಲಿ ಮೋಟಾರು ಅಪಘಾತದಿಂದ ಕಾಲುಗಳ ಸ್ವಾಧೀನ ಕಳೆದುಕೊಂಡ ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು. ಅವರ ಶ್ರಮದಿಂದ ೧೯೬೬ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಸಂಸ್ಥೆ ತೆರೆಯಿತು. ೧೯೬೫ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿ, ಅದೇ ವರ್ಷದ ಯುದ್ಧದಲ್ಲಿ ಗುಂಡೇಟು ತಿಂದು ನಡಿಗೆ ಕಳೆದುಕೊಂಡ ಮೇಜರ್ ಅಹ್ಲುವಾಲಿಯಾ ಸ್ಟೋಕ್ ಮ್ಯಾಂಡೆವಿಲ್ಲಿನಲ್ಲಿ ಚಿಕಿತ್ಸೆ ಪಡೆದು, ಮುಂದೆ ದಿಲ್ಲಿಯಲ್ಲಿ ಬೆನ್ನುಹುರಿಯ ಪೆಟ್ಟಿಗೆಂದೇ ಒಂದು ಆಸ್ಪತ್ರೆಯನ್ನು ಕಟ್ಟಿದರು. ಇವರಿಬ್ಬರ ಕಾಲುಗಳು ಮರಳಿ ಬರಲಿಲ್ಲ. ಬಾಳು ಮರಳಿ ಬಂದಿತು.

ಆದರೂ ಕಾಲುಗಳು ಉಳಿಯುವಂತಿದ್ದರೆ ಉಳಿಸಿಕೊಳ್ಳಬೇಕಲ್ಲವೆ? ಅದಕ್ಕೆ ಬೇಕಾದ ಶಸ್ತ್ರವಿದ್ಯೆ ಇಂದು ಇದೆ, ಸಲಕರಣೆಗಳಿವೆ. ಅವುಗಳ ಬಳಿಗೆ ರೋಗಿಯನ್ನು ಅಲುಗಿಸದೆ, ತಡಮಾಡದೆ ತಲುಪಿಸುವುದು ಬಳಿಯಲ್ಲಿದ್ದವರ ಹೊಣೆ. ಬಿದ್ದವನ ಪಕ್ಕದಲ್ಲಿ ಮೊದಲು ಮಂಡಿಯೂರಿ ಕೂರುವವರು ವೈದ್ಯರಾಗಿರುವುದಿಲ್ಲ. ನಿಮ್ಮಂಥವರು ಯಾರೋ ಒಬ್ಬರಾಗಿರುತ್ತಾರೆ.